ನಲ್ಲಿಯ ಹತ್ತಿರ ನಿಲ್ಲುವವಳು

ಯಜಮಾನರಿಲ್ಲದ ಕೆಲಸ ಕಂಡರೆ ನನಗೆ ಮೊದಲಿನಿಂದಲೂ ಭಯ. ಮದುವೆ ಮನೆಗೆ ಹೋದರೆ ಅಡುಗೆಯ ಉಸ್ತುವಾರಿ ಯಾರದು ಎಂದು ನೋಡುತ್ತೇನೆ. ಆಸ್ಪತ್ರೆಗೆ ಹೋದರೆ ಇಲ್ಲಿ ಕೇಳಬೇಕಾದದ್ದು ಯಾರನ್ನು ಎಂದು ಗೊತ್ತಾಗುವವರೆಗೆ ಕೂತಲ್ಲಿ ಕೂರಲಾರೆ. ವೈಟ್‌ಫೀಲ್ಡ್ ಹತ್ತಿರದ ಗಾರ್ಮೆಂಟ್ಸ್ ಒಂದರಲ್ಲಿ ಸೂಪರ್‌ವೈಸರ್ ಆದಮೇಲೆ ಈ ಗುಣ ಇನ್ನಷ್ಟು ಬಲಿಯಿತು. ನನ್ನ ಸಾಲಿನ ಹೆಂಗಸರು ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಕರೆಯಲಿ ಬಿಡಿ. ತಲೆಯ ಮೇಲೆ ಒಬ್ಬರು ನಿಂತಿರದಿದ್ದರೆ ಒಂದು ಕಾಲರ್ ಕೂಡ ನೆಟ್ಟಗೆ ಕೂರುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ.

ಈ ಭಯ ಹುಟ್ಟಿದ್ದು ಶ್ರೀನಿವಾಸಪುರದ ಮಾವಿನ ತೋಟದಲ್ಲಿ. ಅಪ್ಪ ಹಂಗಾಮಿನಲ್ಲಿ ಬೇರೆಯವರ ತೋಟ ಕಾಯುತ್ತಿದ್ದರು. ನನಗೆ ಆರೋ ಏಳೋ ವರ್ಷ. ಅಪ್ಪ ಒಣಗಿದ ಕೊಂಬೆಯೊಂದನ್ನು ಮಚ್ಚಿನಿಂದ ಕಡಿಯುತ್ತಿದ್ದರು, ನಾನು ಕೆಳಗೆ ನಿಂತು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದೆ. ಪಕ್ಕದ ಕೊಂಬೆಯಲ್ಲಿದ್ದ ಕೆಂಜಿಗದ ಗೂಡು ಸೀಳಿ, ಅರ್ಧ ನನ್ನ ಕತ್ತಿನ ಮೇಲೆ ಬಿತ್ತು. ಹಸಿ ಎಲೆಗಳನ್ನು ಸೇರಿಸಿ ಹೊಲಿದು ಮನೆ ಮಾಡಿಕೊಳ್ಳುವ ಕೆಂಪು ಇರುವೆಗಳು ಅವು. ಲಂಗದೊಳಗೆ, ಕೂದಲೊಳಗೆ, ಕಿವಿಯೊಳಗೆ ನುಗ್ಗಿದವು. ನಾನು ಕಿರುಚಿದ್ದು ಮೂರು ತೋಟದಾಚೆ ಕೇಳಿಸಿತ್ತಂತೆ.

ಅಪ್ಪ ನೀರು ಸುರಿದು, ಒಂದೊಂದನ್ನೇ ಕಿತ್ತು, ಮರದಿಂದ ದೂರ ಕೂರಿಸಿದರು. ಅಳು ನಿಂತ ಮೇಲೆ ನನ್ನ ಕಣ್ಣು ಆ ಒಡೆದ ಗೂಡಿನ ಕಡೆಗೇ ಹೋಯಿತು. ಅಲ್ಲಿ ಅಕ್ಕಿಕಾಳಿನಂಥವು ಏನೋ ಚೆಲ್ಲಿದ್ದವು. ಇರುವೆಗಳು ಅವನ್ನು ಬಾಯಲ್ಲಿ ಕಚ್ಚಿಕೊಂಡು ಒಂದರಿಂದ ಒಂದಕ್ಕೆ ದಾಟಿಸುತ್ತಾ ಮೇಲಿನ ಕೊಂಬೆಗೆ ಸಾಗಿಸುತ್ತಿದ್ದವು. ಅದು ಅಕ್ಕಿಯಲ್ಲ, ಅವುಗಳ ಮರಿಗಳು ಎಂದು ಅಪ್ಪ ಹೇಳಿದರು. ಇನ್ನೊಂದು ಕಡೆ ಇರುವೆಗಳು ಒಂದರ ಸೊಂಟ ಇನ್ನೊಂದು ಹಿಡಿದು, ಸರಪಳಿಯಾಗಿ, ಎರಡು ಎಲೆಗಳನ್ನು ಹತ್ತಿರಕ್ಕೆ ಎಳೆಯುತ್ತಿದ್ದವು.

"ಅಪ್ಪಾ, ಇವಕ್ಕೆ ಮೇಸ್ತ್ರಿ ಯಾವುದು?" ಎಂದು ಕೇಳಿದೆ.

"ಮೇಸ್ತ್ರಿ ಯಾರೂ ಇಲ್ಲ ಕಣಮ್ಮ. ಒಂದೊಂದೂ ಪಕ್ಕದ್ದನ್ನ ನೋಡ್ಕೊಂಡು ಮಾಡ್ತದೆ, ಅಷ್ಟೇಯ."

"ಒಂದು ಮರಿ ಕಳೆದೋದ್ರೆ?"

ಅಪ್ಪ ನಕ್ಕರು. "ಕಳೆದ್ರೆ ಕಳೀತದೆ. ಅವಕ್ಕೇನು ಎಣಿಸಾಕೆ ಬರ್ತದಾ?"

ಕಚ್ಚಿದ ಉರಿ ಎರಡು ದಿನದಲ್ಲಿ ಹೋಯಿತು, ಆ ಮಾತು ಹೋಗಲಿಲ್ಲ. ಸಂಜೆ ಮನೆಗೆ ಹೊರಡುವ ಹೊತ್ತಿಗೆ ಹೊಸ ಗೂಡು ಅರ್ಧ ಎದ್ದಿತ್ತು. ಯಾರೂ ಹೇಳದೆ, ಯಾರನ್ನೂ ಕೇಳದೆ ಎದ್ದ ಆ ಗೂಡನ್ನು ನೋಡಿ ನನಗೆ ಖುಷಿಯಾಗಬೇಕಿತ್ತೋ ಏನೋ, ಆಗಲಿಲ್ಲ. ಮೈ ಜುಮ್ಮೆಂದಿತು. ಅಷ್ಟು ಸಾವಿರ ಇರುವೆಗಳಲ್ಲಿ ನಿಲ್ಲಿಸಿ ಮಾತಾಡಿಸಬಹುದಾದ ಒಂದೂ ಇಲ್ಲವಲ್ಲ ಎನ್ನಿಸಿತು.

ಮದುವೆಯಾಗಿ ಮಾಲೂರಿಗೆ ಬಂದೆ. ಗಂಡನ ಕೆಲಸ ಕೋಲಾರದಲ್ಲಿ, ಅವರು ಬಸ್ಸು. ನನ್ನದು ವೈಟ್‌ಫೀಲ್ಡ್ ಕಡೆ, ನಾನು ರೈಲು. ಬೆಳಗಿನ ಆ ರೈಲು ಬಂಗಾರಪೇಟೆಯಿಂದಲೇ ತುಂಬಿಕೊಂಡು ಬರುತ್ತದೆ. ಮಾಲೂರಿನಲ್ಲಿ ನಿಲ್ಲುವುದು ಒಂದು ಗಳಿಗೆ. ಪ್ಲಾಟ್‌ಫಾರಂ ಮೇಲೆ ಯಾರೂ ಗೆರೆ ಎಳೆದಿಲ್ಲ, ಬೋರ್ಡು ಹಾಕಿಲ್ಲ. ಆದರೂ ರೈಲು ಬರುವ ಐದು ನಿಮಿಷ ಮುಂಚೆ ನೋಡಿದರೆ ಜನ ಅಲ್ಲಲ್ಲಿ ಗುಂಪಾಗಿ ನಿಂತಿರುತ್ತಾರೆ, ನಡುವೆ ಖಾಲಿ. ಒಂದೊಂದು ಗುಂಪಿನ ಎದುರಿಗೂ ಸರಿಯಾಗಿ ಒಂದೊಂದು ಬಾಗಿಲು ಬಂದು ನಿಲ್ಲುತ್ತದೆ. ನಾನು ಮೊದಲ ದಿನ ಕುಡಿಯುವ ನೀರಿನ ನಲ್ಲಿಯ ಹತ್ತಿರ ನಿಂತೆ. ಇಬ್ಬರು ಸ್ವಲ್ಪ ಸರಿದರು. ಮರುದಿನ ಹೋದಾಗ ನಾನು ನಿಂತಿದ್ದಷ್ಟು ಜಾಗ ಖಾಲಿ ಇತ್ತು. ಅಲ್ಲಿಂದಾಚೆ ಮೂರು ವರ್ಷ ಅದು ನನ್ನ ಜಾಗ. ಎದುರಿಗೆ ಬರುವುದು ಲೇಡೀಸ್ ಬೋಗಿಯ ಮುಂದಿನ ಬಾಗಿಲು.

ಹತ್ತುವ ಕ್ರಮ ಹೀಗೆ. ಮೊದಲು ಬ್ಯಾಗು ಕೊಡಬೇಕು. ಬಾಗಿಲಲ್ಲಿ ನಿಂತವರು ಕೈ ಚಾಚುತ್ತಾರೆ, ಬ್ಯಾಗು ತಲೆಗಳ ಮೇಲೆ ಕೈಯಿಂದ ಕೈಗೆ ದಾಟಿ ಒಳಗೆ ಎಲ್ಲೋ ಜಾಗ ಹಿಡಿಯುತ್ತದೆ. ಮಗುವಿದ್ದರೆ ಆಮೇಲೆ ಮಗು, ಅದೂ ಹಾಗೆಯೇ. ಕೊನೆಗೆ ನಾವು. ಬೇರೆಯವರ ಬ್ಯಾಗನ್ನು ಯಾರೂ ತೆರೆಯುವುದಿಲ್ಲ. ಇಳಿಯುವಾಗ ಊಟದ ಡಬ್ಬಿ ಮರೆತರೆ ಮರುದಿನ ಅದೇ ಬಾಗಿಲಲ್ಲಿ ಯಾರದೋ ಕೈ ಅದನ್ನು ಚಾಚುತ್ತದೆ, ತೊಳೆದು. ಹೆಸರು ಯಾರಿಗೂ ಗೊತ್ತಿಲ್ಲ. ಮುಖವೂ ಅಷ್ಟಕ್ಕಷ್ಟೇ. ನಾನಂತೂ ಮೂರು ವರ್ಷ ಕೈಗಳಿಗೆ ಬ್ಯಾಗು ಕೊಟ್ಟೆ, ಮುಖ ಎತ್ತಿ ನೋಡಿದ್ದು ಕಡಿಮೆ.

ಸೇರಿದ ಮೊದಲ ತಿಂಗಳು ನಾನು ಇದನ್ನೆಲ್ಲ ತಿದ್ದಲು ಹೋಗಿದ್ದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ರೈಲು ಬಂತು, ಸಾಲಿನ ತಲೆಯಲ್ಲಿದ್ದವರು ಬ್ಯಾಗು ಹಿಡಿದೇ ಹತ್ತಲು ಹೋಗಿ ಬಾಗಿಲಲ್ಲಿ ಸಿಕ್ಕಿಕೊಂಡರು, ಹಿಂದಿನ ಆರು ಜನ ಪ್ಲಾಟ್‌ಫಾರಂ ಮೇಲೆಯೇ ಉಳಿದರು. "ಅಕ್ಕಾ, ಇದು ನಿಮ್ಮ ಫ್ಯಾಕ್ಟ್ರಿ ಅಲ್ಲ ಕಣಕ್ಕ" ಎಂದು ಒಬ್ಬಳು ನಕ್ಕಳು. ನಾನು ಮೂತಿ ತಿರುಗಿಸಿಕೊಂಡೆ. ಅಂದಿನಿಂದ ಬ್ಯಾಗು ಮಾತ್ರ ಕೊಡುತ್ತಿದ್ದೆ, ನಾನು ಹತ್ತುವಾಗ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಬಾಗಿಲ ಕಂಬಿ ಹಿಡಿದು ನಾನೇ ಹತ್ತುತ್ತಿದ್ದೆ.

ಆ ದಿನ ಅತ್ತೆ ಮುಳಬಾಗಿಲಿಗೆ ಒಂದು ಮದುವೆಗೆ ಹೋಗಿದ್ದರು. ನಾಲ್ಕು ವರ್ಷದ ಮಗಳನ್ನು ನೋಡಿಕೊಳ್ಳುವವರಿಲ್ಲ. ಕಾರ್ಖಾನೆಯಲ್ಲಿ ಮಕ್ಕಳಿಗೊಂದು ಕೋಣೆ ಇದೆ, ಅಲ್ಲಿ ಬಿಟ್ಟರಾಯಿತು ಎಂದು ಕರೆದುಕೊಂಡು ಹೊರಟೆ. ಎಡಗಾಲಿನ ಚಪ್ಪಲಿ ಮಂಚದ ಕೆಳಗೆ ಸೇರಿತ್ತು. ಅದನ್ನು ಹುಡುಕುವುದರಲ್ಲಿ ತಲೆ ಬಾಚಲು ಹೊತ್ತಾಗಲಿಲ್ಲ. ಕೆದರಿದ ಕೂದಲಲ್ಲೇ ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಓಡಿದೆ. ಸ್ಟೇಷನ್ನಿಗೆ ಕಾಲಿಡುವಾಗ ರೈಲು ಬಂದು ನಿಂತೇ ಇತ್ತು.

ನಲ್ಲಿಯವರೆಗೆ ಹೋಗಲು ಸಮಯವಿರಲಿಲ್ಲ. ಎದುರಿಗೆ ಸಿಕ್ಕಿದ್ದು ಲೇಡೀಸ್ ಬೋಗಿಯ ಹಿಂದಿನ ಬಾಗಿಲು. ಅದು ಟೇಕಲ್, ಬಂಗಾರಪೇಟೆಯವರು ನಿಲ್ಲುವ ಬಾಗಿಲು, ಅಲ್ಲಿನ ಒಂದು ಕೈಯೂ ನನಗೆ ಪರಿಚಯವಿಲ್ಲ. ಯೋಚನೆ ಮಾಡಲಿಲ್ಲ. ಬ್ಯಾಗು ಎತ್ತಿ ಕೊಟ್ಟೆ, ಯಾರೋ ತೆಗೆದುಕೊಂಡರು. ಮಗಳನ್ನು ಎತ್ತಿ ಹಿಡಿದೆ. ಹಸಿರು ಗಾಜಿನ ಬಳೆಯ ಎರಡು ಕೈಗಳು ಅವಳ ಕಂಕುಳು ಹಿಡಿದು ಮೇಲಕ್ಕೆತ್ತಿಕೊಂಡವು. ಅವಳ ಬಲಗಾಲಿನ ಚಪ್ಪಲಿ ನನ್ನ ಕೆನ್ನೆಗೆ ತಾಗಿದ್ದು ಈಗಲೂ ನೆನಪಿದೆ.

ಕಂಬಿಗೆ ಕೈ ಹಾಕಿದೆ. ಆ ಕಂಬಿಯ ಮೇಲೆ ಆಗಲೇ ಮೂರು ಜನರ ಕೈ, ಹಿಡಿಯಲು ಬೆರಳಷ್ಟು ಜಾಗವಿಲ್ಲ. ತಲೆಯೆತ್ತಿದಾಗ ಹಸಿರು ಬಳೆಯ ಆ ಕೈ ಮತ್ತೆ ನನ್ನ ಮುಂದೆ ಬಂದಿತ್ತು, ಬರಿಗೈ. ಮಗು ಎಲ್ಲಿ? ಈಗ ತಾನೇ ಕೊಟ್ಟ ಮಗು ಆ ಕೈಯಲ್ಲಿಲ್ಲ! ಆ ಕೈಯನ್ನು ತಳ್ಳಿ, ಅದರ ಆಚೆ ಕತ್ತು ಚಾಚಿ ನೋಡಿದೆ. ಒಳಗೆ ತಲೆಗಳ ಮೇಲೆ ಒಂದು ಕೆದರಿದ ಕೂದಲು ಕಂಡು ಮಾಯವಾಯಿತು. "ಮಗು! ನನ್ನ ಮಗು!" ಎಂದು ಕೂಗಿದೆ. ರೈಲು ಅಲುಗಾಡಿತು. ನಾಲ್ಕು ಹೆಜ್ಜೆ ಓಡಿದೆ, ಹಿಂದಿನಿಂದ ಯಾರೋ ಸೆರಗು ಹಿಡಿದು ಎಳೆದರು. ಬಾಗಿಲು ಹೋಯಿತು, ಬೋಗಿ ಹೋಯಿತು, ಕೊನೆಯ ಬೋಗಿಯೂ ಹೋಯಿತು.

ಎಷ್ಟು ಹೊತ್ತು ಹಳಿ ನೋಡುತ್ತಾ ನಿಂತಿದ್ದೆನೋ ಗೊತ್ತಿಲ್ಲ. ಸೆರಗು ಹಿಡಿದವರು ಪ್ಲಾಟ್‌ಫಾರಂ ಮೇಲೆ ಸೀಬೆಹಣ್ಣು ಮಾರುವ ಮುದುಕ. ನಾವೆಲ್ಲ ಚಾಚಾ ಎನ್ನುತ್ತೇವೆ. ಅವರೇ ನನ್ನನ್ನು ಸ್ಟೇಷನ್ ಮಾಸ್ಟರ್ ಹತ್ತಿರ ಕರೆದುಕೊಂಡು ಹೋದರು. ಸದ್ಯ, ಕೇಳಲು ಒಬ್ಬರಾದರೂ ಸಿಕ್ಕರಲ್ಲ ಎಂದು ನನಗೆ ಉಸಿರು ಬಂತು.

ಅವರು ಒಳ್ಳೆಯವರೇ. ಕೂರಿಸಿ, ನೀರು ಕೊಟ್ಟು, ಪೆನ್ನು ಹಿಡಿದು ಕೇಳಿದರು. ಯಾವ ಬೋಗಿ? ಹೇಳಿದೆ. ಮಗುವನ್ನು ಯಾರ ಕೈಗೆ ಕೊಟ್ಟಿರಿ?

"ಗೊತ್ತಿಲ್ಲ ಸಾರ್."

"ಪರಿಚಯದವರಾ?"

"ಅಲ್ಲ ಸಾರ್."

"ನೋಡೋಕೆ ಹೇಗಿದ್ರು? ವಯಸ್ಸು?"

"ಹಸಿರು ಬಳೆ ಹಾಕಿದ್ರು."

ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಆ ನೋಟದಲ್ಲಿ ನನ್ನನ್ನು ನಾನು ನೋಡಿಕೊಂಡೆ. ಹೆತ್ತ ಮಗುವನ್ನು ಎರಡು ಬಳೆಗಳಿಗೆ ಕೊಟ್ಟು ಬಂದಿರುವ ಹೆಂಗಸು. ಕಾರ್ಖಾನೆಯಲ್ಲಿ ಒಂದು ಕತ್ತರಿ ಯಾರ ಕೈಗೆ ಹೋದರೂ ಸಹಿ ಹಾಕಿಸಿಕೊಳ್ಳುವವಳು ನಾನು.

ಅವರು ಮುಂದಿನ ಸ್ಟೇಷನ್ನಿಗೆ ಫೋನ್ ಮಾಡಿದರು. ಮುಂದಿನದು ದೇವನಗೊಂದಿ. ಅಲ್ಲಿಗೆ ಲೈನು ಸಿಗಲಿಲ್ಲ. ವೈಟ್‌ಫೀಲ್ಡ್‌ಗೆ ಹೇಳಿದ್ದೇನೆ, ಅಲ್ಲಿ ನೋಡುತ್ತಾರೆ, ನೀವು ಇಲ್ಲೇ ಕೂತಿರಿ ಅಂದರು. ವೈಟ್‌ಫೀಲ್ಡಿನಲ್ಲಿ ಆ ಹೊತ್ತಿಗೆ ಇಳಿಯುವ ಜನ ನನ್ನ ಕಣ್ಣ ಮುಂದೆ ಬಂದರು. ಆ ನೂಕುನುಗ್ಗಲಿನಲ್ಲಿ ಮೊಣಕಾಲೆತ್ತರದ ಒಂದು ಮಗು ಯಾರಿಗೆ ಕಾಣುತ್ತದೆ? ನನಗೆ ಕೂರಲಾಗಲಿಲ್ಲ, ಹೊರಗೆ ಬಂದೆ.

ನನ್ನ ಫೋನು ಬ್ಯಾಗಿನಲ್ಲಿತ್ತು. ಗಂಡನ ನಂಬರು ಆ ಫೋನಿನಲ್ಲಿತ್ತು, ನನ್ನ ತಲೆಯಲ್ಲಿರಲಿಲ್ಲ. ಬಾಯಿಗೆ ಬರುತ್ತಿದ್ದದ್ದು ನನ್ನ ನಂಬರೊಂದೇ. ಚಾಚಾ ತಮ್ಮ ಪುಟ್ಟ ಫೋನು ಕೊಟ್ಟರು. ಒತ್ತಿದೆ. ರಿಂಗ್ ಆಯಿತು, ಆಗುತ್ತಲೇ ಹೋಯಿತು, ನಿಂತಿತು. ಮತ್ತೆ ಒತ್ತಿದೆ. ಯಾರೂ ಎತ್ತಲಿಲ್ಲ. ಯಾಕೆ ಎಂದು ನನಗೆ ಹೊಳೆದಾಗ ಅಳು ಬಂತು. ಬೇರೆಯವರ ಬ್ಯಾಗನ್ನು ಯಾರೂ ತೆರೆಯುವುದಿಲ್ಲ. ಮೂರು ವರ್ಷ ಇದೇ ಧೈರ್ಯದಲ್ಲಿ ಸಂಬಳದ ದಿನವೂ ಆ ಬ್ಯಾಗನ್ನು ತಲೆಗಳ ಮೇಲೆ ಬಿಟ್ಟಿದ್ದೆ. ಈಗ ಆ ಒಳ್ಳೆಯತನವೇ ನನ್ನ ಗಂಟಲು ಹಿಡಿದಿತ್ತು.

ಐದನೆಯ ಸಲ ಯಾರೋ ಎತ್ತಿದರು. ರೈಲಿನ ಗದ್ದಲ, ಮಧ್ಯೆ ಒಂದು ಹೆಂಗಸಿನ ದನಿ.

"ಎವರಮ್ಮಾ? ಯಾರು?"

"ಆ ಬ್ಯಾಗ್ ನಂದು ಕಣಮ್ಮಾ, ಮಾಲೂರಲ್ಲಿ ಕೊಟ್ನಲ್ಲ, ನಾನು ಹತ್ತಕ್ಕಾಗ್ಲಿಲ್ಲ. ನನ್ನ ಮಗು ಎಲ್ಲಿ?"

"ಬ್ಯಾಗಾ? ಇಲ್ಲೇ ಐತಮ್ಮ, ಭದ್ರವಾಗೈತೆ. ಯಾರೂ ಮುಟ್ಟಿಲ್ಲ. ಮಗೂನಾ? ಇಲ್ಲಿ ಯಾವ ಮಗೂನೂ ಇಲ್ವಲ್ಲಮ್ಮ."

ಫೋನು ಕಡಿಯಿತು. ಮತ್ತೆ ಮಾಡಿದರೆ ಸಿಗಲಿಲ್ಲ. ಇನ್ನೂ ಮಾಡಿದರೂ ಸಿಗಲಿಲ್ಲ.

ಹೆದರಿಕೆ ಎಂದರೆ ಏನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬ್ಯಾಗು ಭದ್ರವಾಗಿದೆ, ಮಗು ಇಲ್ಲ. ಕಣ್ಣ ಮುಂದೆ ಶ್ರೀನಿವಾಸಪುರದ ಆ ಮರ ಬಂತು. ಬಾಯಿಯಿಂದ ಬಾಯಿಗೆ ದಾಟಿ ಹೋಗುತ್ತಿದ್ದ ಬಿಳಿಯ ಮರಿಗಳು ಬಂದವು. ಕಳೆದ್ರೆ ಕಳೀತದೆ, ಅವಕ್ಕೇನು ಎಣಿಸಾಕೆ ಬರ್ತದಾ. ಅಷ್ಟು ಜನ ಹೆಂಗಸರಲ್ಲಿ ಪ್ರತಿಯೊಬ್ಬಳೂ ಪಕ್ಕದವಳಿಗೆ ಕೊಟ್ಟಿರುತ್ತಾಳೆ. ಪ್ರತಿಯೊಬ್ಬಳೂ ತನ್ನ ಕೆಲಸ ಸರಿಯಾಗಿ ಮಾಡಿರುತ್ತಾಳೆ. ಎಲ್ಲರೂ ಸರಿಯಾಗಿ ಮಾಡಿದ ಮೇಲೂ ಮಗು ಇಲ್ಲವೆಂದರೆ ನಾನು ಯಾರ ಜುಟ್ಟು ಹಿಡಿದು ಕೇಳಲಿ?

ಬಾಯಿಗೆ ಬಂದದ್ದನ್ನೆಲ್ಲ ಬೈದೆ. ರೈಲನ್ನು ಬೈದೆ, ಹಸಿರು ಬಳೆಯವಳನ್ನು ಬೈದೆ, ಮದುವೆಗೆ ಹೋದ ಅತ್ತೆಯನ್ನೂ ಬಿಡಲಿಲ್ಲ. ಆಟೋ ಹಿಡಿದು ದೇವನಗೊಂದಿಗೆ ಹೋಗುತ್ತೇನೆ ಎಂದು ಹೊರಟೆ. ನಾಲ್ಕು ಹೆಜ್ಜೆಗೆ ನಿಂತೆ. ಅಷ್ಟರಲ್ಲಿ ಇಲ್ಲಿಗೆ ಯಾರಾದರೂ ಕರೆದುಕೊಂಡು ಬಂದುಬಿಟ್ಟರೆ? ನಾನು ಇಲ್ಲೇ ಇದ್ದು, ಮಗು ಅಲ್ಲೆಲ್ಲೋ ಬೆಂಚಿನ ಮೇಲೆ ಒಂದೇ ಕೂತಿದ್ದರೆ? ಹೋದರೂ ತಪ್ಪು, ನಿಂತರೂ ತಪ್ಪು. ಗೇಟಿಗೂ ಪ್ಲಾಟ್‌ಫಾರಂಗೂ ಮೂರು ಸಲ ಓಡಾಡಿದೆ.

ಚಾಚಾ ಹಣ್ಣಿನ ಬುಟ್ಟಿ ಬಿಟ್ಟು ನನ್ನ ಹಿಂದೆಯೇ ಬಂದರು.

"ಬೇಟಿ, ಹಿಂಗೆ ಓಡಾಡಬೇಡಿ. ನಿಮ್ಮ ಜಾಗಕ್ಕೆ ಹೋಗಿ ನಿಂತ್ಕೊಳ್ಳಿ."

"ಯಾವ ಜಾಗ ಚಾಚಾ?"

"ಅರೇ, ನಲ್ಲಿ ಹತ್ರ. ದಿನಾ ನಿಲ್ತೀರಲ್ಲ, ಅಲ್ಲಿ. ಈ ಜನಕ್ಕೆ ನಿಮ್ಮ ಹೆಸರು ಗೊತ್ತಾ? ಮನೆ ಗೊತ್ತಾ? ಆ ಜಾಗ ಒಂದೇ ಗೊತ್ತು. ತರೋರು ಅಲ್ಲಿಗೇ ತರ್ತಾರೆ."

"ನಾನು ಕೊಟ್ಟಿದ್ದು ಅಲ್ಲಲ್ಲವಲ್ಲ!"

"ಎಲ್ಲಿ ಕೊಟ್ರೇನು ಬೇಟಿ. ಒಂದು ಸಲ ನಿಮ್ಮ ಡಬ್ಬಿ ಬಂದಿತ್ತಲ್ಲ, ಎಲ್ಲಿಗೆ ಬಂತು? ಜಾಕೇ ಖಡೇ ರಹೋ."

ಮಗುವನ್ನು ಡಬ್ಬಿಗೆ ಹೋಲಿಸಿದರಲ್ಲ ಎಂದು ಸಿಟ್ಟು ಬಂತು. ಆದರೆ ಹೋಗಿ ನಿಂತೆ. ನಂಬಿಕೆಯಿಂದಲ್ಲ, ಬೇರೆ ದಾರಿ ಇರಲಿಲ್ಲ. ನಲ್ಲಿಯ ಕಬ್ಬಿಣದ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಪ್ಲಾಟ್‌ಫಾರಂ ಖಾಲಿಯಾಗಿತ್ತು. ನನ್ನ ಗುಂಪಿನವರೆಲ್ಲ ಆ ರೈಲಿನಲ್ಲೇ ಹೋಗಿದ್ದರು. ಒಬ್ಬಳೇ ಆ ಜಾಗದಲ್ಲಿ ನಿಂತಾಗ ಅದು ಎಷ್ಟು ಚಿಕ್ಕದು ಎಂದು ಕಂಡಿತು. ಎರಡು ಪಾದ ಇಡುವಷ್ಟು ಕಲ್ಲು.

ಗಡಿಯಾರದ ಮುಳ್ಳು ಜರುಗುವುದನ್ನು ನೋಡಲಾರದೆ ಕಣ್ಣು ಮುಚ್ಚುತ್ತಿದ್ದೆ. ಮುಚ್ಚಿದರೆ ಏನೇನೋ ಕಾಣುತ್ತಿತ್ತು, ಮತ್ತೆ ತೆರೆಯುತ್ತಿದ್ದೆ. ದೇವರಿಗೆ ಹರಕೆ ಹೊತ್ತೆ. ಅಪ್ಪನನ್ನು ನೆನೆದೆ. ಮುಕ್ಕಾಲು ಗಂಟೆಯಾಗಿರಬೇಕು, ಬೆಂಗಳೂರು ಕಡೆಯಿಂದ ಬಂಗಾರಪೇಟೆಗೆ ಹೋಗುವ ರೈಲು ಆಚೆ ಪ್ಲಾಟ್‌ಫಾರಂಗೆ ಬಂದು ನಿಂತಿತು. ನಡುವೆ ರೈಲೇ ಅಡ್ಡ, ಇಳಿಯುವವರು ಯಾರೂ ಕಾಣರು. ಬ್ರಿಡ್ಜ್ ಹತ್ತಿ ಆಚೆಗೆ ಓಡಲೇ ಎಂದು ಜೀವ ತುಡಿಯಿತು. ಕೊಳವೆ ಬಿಟ್ಟು ಎರಡು ಹೆಜ್ಜೆ ಇಟ್ಟೂಬಿಟ್ಟೆ. ದೂರದಿಂದ ಚಾಚಾ ಕೈ ಅಡ್ಡ ಆಡಿಸಿದರು. ತಿರುಗಿ ಬಂದು ಕೊಳವೆ ಹಿಡಿದೆ. ಅಷ್ಟು ಕಷ್ಟದ ಕೆಲಸವನ್ನು ನಾನು ಜೀವನದಲ್ಲಿ ಇನ್ನೊಂದು ಮಾಡಿಲ್ಲ.

ರೈಲು ಹೊರಟಿತು. ಬ್ರಿಡ್ಜಿನ ಮೆಟ್ಟಿಲಲ್ಲಿ ಒಬ್ಬೊಬ್ಬರೇ ಇಳಿದರು. ಹಾಲಿನ ಕ್ಯಾನಿನವರು ಇಳಿದರು. ಬುರ್ಖಾ ಹಾಕಿದ ಇಬ್ಬರು ಇಳಿದರು. ಆಮೇಲೆ ಕತ್ತಿಗೆ ಕಾರ್ಖಾನೆಯ ಗುರುತಿನ ಪಟ್ಟಿ ಹಾಕಿಕೊಂಡ, ಐವತ್ತು ದಾಟಿದ ಒಬ್ಬಾಕೆ. ಅವರ ಹೆಗಲಲ್ಲಿ ನನ್ನ ನೀಲಿ ಬ್ಯಾಗು. ಅವರ ಬೆರಳು ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಇಳಿಯುತ್ತಿದ್ದವಳು ನನ್ನ ಮಗಳು.

ಆಕೆ ಅತ್ತಿತ್ತ ನೋಡದೆ ನೆಟ್ಟಗೆ ನಲ್ಲಿಯ ಹತ್ತಿರ ಬಂದರು.

"ನೀವೇನಮ್ಮ ನಲ್ಲಿ ಹತ್ರ ನಿಲ್ಲೋರು? ನೈಟ್ ಶಿಫ್ಟ್ ಮುಗಿಸ್ಕೊಂಡು ಬರ್ತಿದ್ದೆ. ದೇವನಗೊಂದೀಲಿ ಯಾರೋ ಕೈಗಿಟ್ರು. ನೀಲಿ ಬ್ಯಾಗು, ಮಾಲೂರು, ನಲ್ಲಿ ಹತ್ರ ಅಂದ್ರು. ತಗೊಳ್ಳಿ. ಏನಾದ್ರೂ ತಿನ್ನಿಸಿ ಮೊದಲು."

ನಾನು ಮಗುವನ್ನು ತಬ್ಬಿಕೊಂಡು ಕೆಳಗೆ ಕೂತುಬಿಟ್ಟೆ. ತಲೆಯೆತ್ತುವಷ್ಟರಲ್ಲಿ ಆಕೆ ಆಕಳಿಸುತ್ತಾ ಗೇಟು ದಾಟಿದ್ದರು. ಮಗಳು ಅತ್ತಿರಲಿಲ್ಲ. ಕೈಯಲ್ಲಿ ಅರ್ಧ ಚಕ್ಕುಲಿ ಇತ್ತು. ಬೆಳಿಗ್ಗೆ ಕೆದರಿದ್ದ ಅವಳ ಕೂದಲನ್ನು ಯಾರೋ ನೀಟಾಗಿ ಬಾಚಿ, ಎರಡು ಜಡೆ ಹಾಕಿ, ಒಂದು ಜಡೆಗೆ ತಮ್ಮ ಮುಡಿಯಿಂದ ಕಿತ್ತ ಬೆರಳುದ್ದದ ಮಲ್ಲಿಗೆ ಸಿಕ್ಕಿಸಿದ್ದರು. ಚಾಚಾ ಒಂದು ಸೀಬೆಹಣ್ಣು ಸೀಳಿ ತಂದುಕೊಟ್ಟರು. ಆ ಜಡೆಗಳನ್ನು ಮುಟ್ಟಿ ಮುಟ್ಟಿ ಅತ್ತುಬಿಟ್ಟೆ. ಅತ್ತೆಗೆ ಈ ಸಂಗತಿಯನ್ನು ಇವತ್ತಿಗೂ ಹೇಳಿಲ್ಲ.

ಮರುದಿನ ನನ್ನ ಸೂಪರ್‌ವೈಸರ್ ಬುದ್ಧಿ ಎದ್ದಿತು. ಇದನ್ನು ಮಾಡಿಸಿದವರು ಯಾರು, ಅವರ ಕಾಲಿಗೆ ಬೀಳಬೇಕು. ಒಂದು ವಾರ ಬೋಗಿಯಲ್ಲಿ ವಿಚಾರಣೆ ನಡೆಸಿದೆ. ಹಿಂದಿನ ಬಾಗಿಲಲ್ಲಿ ನೋಡಿದರೆ ಅರ್ಧ ಜನರ ಕೈಯಲ್ಲಿ ಹಸಿರು ಬಳೆ. "ನಾನಲ್ಲಕ್ಕ, ನಾನು ಪಕ್ಕದೋರಿಗೆ ಕೊಟ್ಟೆ ಅಷ್ಟೇ" ಅಂದಳು ಒಬ್ಬಳು. ಪಕ್ಕದವಳೂ ಅದನ್ನೇ ಅಂದಳು. ಬ್ಯಾಗು ಎಡಕ್ಕೆ ಹೋಗಿತ್ತು, ಮಗು ಬಲಕ್ಕೆ ಹೋಗಿ ಕಿಟಕಿಯ ಪಕ್ಕ ಯಾರದೋ ತೊಡೆ ಸೇರಿತ್ತು. ಚಾರ್ಜು ಮುಗಿದು ಫೋನು ಸತ್ತ ಮೇಲೆ ಅದನ್ನು ಎತ್ತಿದ್ದವಳು ಗಾಬರಿಯಾಗಿ "ಮಾಲೂರಿನ ಮಗು ಯಾರ ಹತ್ರ ಐತ್ರೇ" ಎಂದು ಕೂಗಿದ್ದಳಂತೆ. ಆ ಕೂಗು ಬಾಯಿಂದ ಬಾಯಿಗೆ ಆ ತುದಿಗೆ ಹೋಯಿತು. ಬ್ಯಾಗು ನೋಡಿದ ಮುಂದಿನ ಬಾಗಿಲವಳೊಬ್ಬಳು "ಇದು ನಲ್ಲಿ ಹತ್ರ ನಿಲ್ಲೋಳ್ದು" ಎಂದು ಗುರುತು ಹಿಡಿದಳು. ನನ್ನ ಮುಖ ಅವಳಿಗೆ ನೆನಪಿರಲಿಲ್ಲ, ಬ್ಯಾಗು ನೆನಪಿತ್ತು. ದೇವನಗೊಂದಿಯಲ್ಲಿ ದಿನವೂ ಇಳಿಯುವ ಒಬ್ಬಳು ಎರಡನ್ನೂ ಇಳಿಸಿಕೊಂಡು, ಆಚೆ ಪ್ಲಾಟ್‌ಫಾರಂಗೆ ಹೋಗಿ, ಮಾಲೂರಿಗೆ ಬರುವ ಒಂದು ಕೈ ಸಿಗುವವರೆಗೆ ಕಾದಳು. ಇಷ್ಟನ್ನು ಕೂಡಿಸಿಕೊಳ್ಳಲು ನನಗೆ ಎಂಟು ಜನರನ್ನು ಕೇಳಬೇಕಾಯಿತು. ಎಂಟು ಜನರಲ್ಲಿ ಪೂರ್ತಿ ಕಥೆ ಒಬ್ಬರಿಗೂ ಗೊತ್ತಿರಲಿಲ್ಲ. ಜಡೆ ಹಾಕಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ.

ನನಗೆ ಸಮಾಧಾನವಾಯಿತು ಎಂದರೆ ಸುಳ್ಳಾಗುತ್ತದೆ. ಒಬ್ಬಳು ಆ ದಿನ ರಜೆ ಹಾಕಿದ್ದರೆ, ಒಬ್ಬಳು ನಿದ್ದೆ ಹೋಗಿದ್ದರೆ ಎಂದು ಯೋಚಿಸಿ ತಿಂಗಳುಗಟ್ಟಲೆ ಬೆವರಿದ್ದೇನೆ. ಆದರೆ ನಿಲ್ಲುವುದು ಈಗಲೂ ನಲ್ಲಿಯ ಹತ್ತಿರವೇ.

ಮಾವಿನ ಕಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನಾನು ಬೇಗ ಹತ್ತಿಕೊಂಡು ಬಾಗಿಲಲ್ಲೇ ಉಳಿದಿದ್ದೆ. ಕೆಳಗೆ ಹೊಸಬಳೊಬ್ಬಳು ಓಡಿ ಬಂದಳು, ಲಕ್ಕೂರು ಕಡೆಯವಳಂತೆ. ಬ್ಯಾಗು ಕೊಟ್ಟಳು, ಪಕ್ಕದವಳು ತೆಗೆದುಕೊಂಡಳು. ಆಮೇಲೆ ಒಂದು ವರ್ಷದ ಮಗುವನ್ನು ಎತ್ತಿ ಹಿಡಿದಳು. ಅದು ನನ್ನ ಕೈಗೆ ಬಂತು. ಹಿಂದಿನಿಂದ ಕೈಗಳು ಚಾಚಿದವು. ನಾನು ಕೊಡಲಿಲ್ಲ. ಮಗುವನ್ನು ಎದೆಗೆ ಅವಚಿ ಹಿಡಿದೆ. ಇದನ್ನು ಮಾತ್ರ ಕೊಡುವುದಿಲ್ಲ, ತಾಯಿ ಹತ್ತುವವರೆಗೆ ನಾನೇ ಹಿಡಿದಿರುತ್ತೇನೆ ಎಂದುಕೊಂಡೆ.

"ಅಕ್ಕಾ, ಕೊಡಕ್ಕಾ! ಬಾಗ್ಲಲ್ಲಿ ಅಡ್ಡ ನಿಂತ್ರೆ ಅವಳು ಹೆಂಗೆ ಹತ್ತಾಳೆ?" ಎಂದು ಹಿಂದಿನಿಂದ ಕೂಗಿದರು.

ಕೆಳಗೆ ನೋಡಿದೆ. ಕಂಬಿಯ ಮೇಲೆ ಮೂರು ಜನರ ಕೈ. ಅವಳಿಗೆ ಹಿಡಿಯಲು ಏನೂ ಇರಲಿಲ್ಲ. ನನ್ನ ಎರಡೂ ಕೈ ಮಗುವಿನ ಮೇಲಿದ್ದವು. ರೈಲು ಅಲುಗಾಡಿತು.

ಮಗುವನ್ನು ಹಿಂದಕ್ಕೆ ಕೊಟ್ಟೆ. ಯಾರು ತೆಗೆದುಕೊಂಡರೋ ನೋಡಲಿಲ್ಲ. ಬರಿಗೈಯನ್ನು ಅವಳ ಮುಂದೆ ಚಾಚಿದೆ. ಅವಳು ಆ ಕೈಯನ್ನು ನೋಡಲಿಲ್ಲ. ಬಾಯಿ ತೆರೆದು, ನನ್ನ ಭುಜದ ಆಚೆ ಮಗುವನ್ನು ಹುಡುಕುತ್ತಿದ್ದಳು. ಆ ಕಣ್ಣುಗಳನ್ನು ನೋಡಿದ್ದೇ ನನಗೆ ಹಸಿರು ಬಳೆಯ ಆ ಕೈ ನೆನಪಾಯಿತು. ಅದು ನನಗಾಗಿ ಚಾಚಿದ ಕೈ. ನನ್ನನ್ನು ಎಳೆದುಕೊಳ್ಳಬೇಕೆಂದೇ ಅದು ಮಗುವನ್ನು ಹಿಂದಕ್ಕೆ ಕೊಟ್ಟು ಬಂದಿತ್ತು. ನಾನು ಅದನ್ನು ತಳ್ಳಿದ್ದೆ.

"ಕೈ ಕೊಡಮ್ಮಾ! ಮಗು ಆಮೇಲೆ, ಮೊದಲು ಕೈ ಕೊಡು!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಅವಳು ಬೆಚ್ಚಿ ಕೈ ಕೊಟ್ಟಳು. ಎಳೆದುಕೊಂಡೆ. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ ಅವಳು ನನ್ನ ತೋಳು ಹಿಡಿದುಕೊಂಡಳು.

"ಅಕ್ಕಾ, ನನ್ನ ಮಗು ಎಲ್ಲಕ್ಕಾ?"

ಹಿಂದೆ ತಿರುಗಿ ನೋಡಿದೆ. ತಲೆಗಳು ಬಿಟ್ಟರೆ ಏನೂ ಕಾಣಲಿಲ್ಲ. ಮಗು ಯಾರ ಕೈಯಲ್ಲಿದೆಯೋ ನನಗೂ ಗೊತ್ತಿರಲಿಲ್ಲ. "ಒಳಗೈತೆ ಬಾಮ್ಮ" ಅಂದೆ, ಅವಳ ಕೈ ಬಿಡಲಿಲ್ಲ.